ಮನೆಗೊಂದೇ ಐಡಿ

೧೯ ಜನವರಿ ೨೦೦೯, ಸೋಮವಾರ

ಶಟರ್ ಎತ್ತುವಷ್ಟರಲ್ಲಿ ಫೋನ್ ಶುರು. ಎಲ್ಲರದೂ ಒಂದೇ ರಾಗ — ಪಾಸ್‌ವರ್ಡ್ ಮರೆತಿದೆ. ಕೂಡ್ಲಿಗಿಯವರೊಬ್ಬರು ಚೀಟಿ ಬರೆದು ದೇವರ ಜಗಲಿ ಮೇಲಿಟ್ಟಿದ್ದರಂತೆ. ಹಬ್ಬಕ್ಕೆ ಜಗಲಿ ತೊಳೆದಾಗ ಅದೂ ಹೋಯಿತಂತೆ. ಹಡಗಲಿಯವರೊಬ್ಬರದು ಜಗಳವೇ. “ನಾ ಹೊಡದದ್ದು ಸರಿ ಐತಿ, ನಿನ್ನ ಕಂಪ್ಯೂಟರ್ರೇ ತಪ್ಪೈತಿ!” ಆಯ್ತು ಮಾರಾಯ, ನನ್ನ ಕಂಪ್ಯೂಟರಿಗೇ ಬುದ್ಧಿ ಇಲ್ಲ.

ಐದು ತಾಲೂಕಿನ ನಮ್ಮ ಸಮಾಜದವರಿಗೆಂದು ಈ ವಧು-ವರರ ವೆಬ್‌ಸೈಟ್ ಮಾಡಿ ಒಂದೂವರೆ ವರ್ಷವಾಯಿತು. ವಿವರ, ಫೋಟೊ, ಒಬ್ಬರಿಗೊಬ್ಬರು ಸಂದೇಶ ಕಳಿಸುವ ಜಾಗ, ಎಲ್ಲ ಕನ್ನಡದಲ್ಲಿ. ಕೋಡೆಲ್ಲ ನಂದೇ. ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡ್ ಎದುರಿನ ಈ ನೆಟ್ ಸೆಂಟರಿನಲ್ಲಿ ಕೂತು, ಕರೆಂಟ್ ಇದ್ದಾಗ ಬರೆದು, ಹೋದಾಗ ಬೈದು, ಮುಗಿಸಿದ್ದು.

“ಊರಿಗೆಲ್ಲ ಲಗ್ನ ಹಚ್ಚಾಕತ್ತೀ, ನಿನಗ ಯಾವಾಗಣ್ಣ?” ಎಂದಳು ಗೀತಾಂಜಲಿ, ಟೈಪ್ ಮಾಡುತ್ತಲೇ. ನನ್ನ ತಂಗಿ. ಅವಳ ಗಂಡ ಮಾಗಳದಲ್ಲಿ ಟ್ರ್ಯಾಕ್ಟರ್ ಮಗುಚಿ ತೀರಿಹೋದ ಮೇಲೆ ಮನೆಗೆ ಬಂದವಳು. ನಾಲ್ಕು ವರ್ಷವಾಯಿತು. ಸೆಂಟರಿನ ಡಿಟಿಪಿ ಕೆಲಸ, ಸೈಟಿಗೆ ಬರುವ ಹೊಸ ಹೆಸರುಗಳನ್ನು ಚೆಕ್ ಮಾಡಿ ಸೇರಿಸುವ ಕೆಲಸ, ಎರಡೂ ಅವಳದೇ. ಇತ್ತೀಚೆಗೆ ಸ್ವಲ್ಪ ನಗುತ್ತಾಳೆ. ಕಾರಣ ಕೇಳಿಲ್ಲ. ನಗಲಿ.

೨೪ ಜನವರಿ, ಶನಿವಾರ

ಕಮಿಟಿ ಮೀಟಿಂಗ್. ಅಧ್ಯಕ್ಷ ಪಾಲಾಕ್ಷಪ್ಪನವರು ಮಂಡಕ್ಕಿ ತಿನ್ನುತ್ತಲೇ ತೀರ್ಪು ಕೊಟ್ಟರು. “ಈ ಪಾಸ್‌ವರ್ಡ್ ಅನ್ನೂ ಪೀಡಾನೇ ಬ್ಯಾಡಪ್ಪ. ಏನರೆ ಬ್ಯಾರೆ ದಾರಿ ಮಾಡು.”

ದಾರಿ ಇದೆ. ಗೂಗಲ್‌ನವರು ಈಗ ಕೊಡುತ್ತಿದ್ದಾರೆ. ನಮ್ಮ ಸೈಟಿನಲ್ಲಿ ಒಂದು ಬಟನ್. ಅದನ್ನು ಒತ್ತಿದರೆ ಗೂಗಲ್ ಕೇಳುತ್ತದೆ, ‘ಒಳಗೆ ಬಿಡಲಾ?’ ಹೂಂ ಅಂದರೆ ನಮಗೆ ಹೇಳುತ್ತದೆ, ‘ಇವರ ಮೇಲ್ ಐಡಿ ಇದು, ನಾನು ಖಾತ್ರಿ.’ ಅಷ್ಟೇ. ನಮ್ಮ ಸೈಟಿಗೆ ಬೇರೆ ಪಾಸ್‌ವರ್ಡ್ ಬೇಡ. ಬಹುಪಾಲು ಮನೆಗಳ ಜಿಮೇಲ್ ನಾನೇ ಮಾಡಿಕೊಟ್ಟದ್ದು.

ಮನೆಗಳ, ಮನುಷ್ಯರದಲ್ಲ. ಕಮಿಟಿಯ ಕಾನೂನು ಹಾಗೆ. ಮನೆಗೊಂದೇ ಐಡಿ, ಅದೂ ಹಿರಿಯರ ಹೆಸರಿನಲ್ಲಿ. ಅಣ್ಣ, ತಮ್ಮ, ಅಕ್ಕನ ಮಗಳು, ಯಾರ ವಿವರ ಹಾಕಿದರೂ ಆ ಐಡಿಯ ಮೇಲೆಯೇ; ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್, ಅಷ್ಟೇ. ಸಂಬಂಧ ಕೂಡುವುದು ಮನೆ-ಮನೆಗೆ, ಹುಡುಗ ಹುಡುಗಿ ತಾವೇ ಬರೆದುಕೊಂಡು ಕೂತರೆ ಹೇಗೆ ಅನ್ನುವುದು ಪಾಲಾಕ್ಷಪ್ಪನವರ ವಾದ. ಆಗ ನಾನೂ ತಲೆ ಆಡಿಸಿದ್ದೆ. ನನಗೂ ಕೆಲಸ ಕಮ್ಮಿ. ನಮ್ಮ ಮನೆಯದು ಅಪ್ಪನ ಹೆಸರಿನಲ್ಲಿದೆ, ಗುರುಸಂಗಪ್ಪ ಅಂಗಡಿ. ಅದರ ಮೇಲೆ ನನ್ನ ವಿವರ ಹಾಕಿಸಿ ಅಪ್ಪ ಹೆಣ್ಣು ಹುಡುಕುತ್ತಿದ್ದಾರೆ. ಹುಡುಕಲಿ.

೩ ಫೆಬ್ರವರಿ, ಮಂಗಳವಾರ, ರಾತ್ರಿ

ಆ ಬಟನ್ನಿನ ಕೋಡ್ ಮೂರನೇ ಸಲ ಬರೆದೆ. ಗೂಗಲ್‌ವರೆಗೆ ಹೋಗುತ್ತದೆ, ವಾಪಸ್ ಬರುವಾಗ ದಾರಿ ತಪ್ಪುತ್ತದೆ. ಸರ್ವರ್‌ನವನಿಗೆ ಫೋನ್ ಮಾಡಿದರೆ ‘ಟಿಕೆಟ್ ರೈಸ್ ಮಾಡಿ ಸರ್’ ಅನ್ನುತ್ತಾನೆ, ಅಂದರೆ ದೂರು ಬರೆದು ಕಳಿಸಬೇಕು. ಟಿಕೆಟ್ಟಂತೆ, ಬಸ್ಸೇ ಇಲ್ಲದ ಊರಿಗೆ! ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕುಂಯ್ ಅಂದು ಸತ್ತಿತು.

ಕತ್ತಲಲ್ಲಿ ಕೂತಿದ್ದಾಗ ಗೀತಾ ಕೇಳಿದಳು. “ಅಣ್ಣ, ಒಂದ ಐಡಿ ಮ್ಯಾಲೆ ಇಬ್ಬರು ಇದ್ರ, ಆ ಬಟನ್ ಒತ್ತಿದಾಗ ಯಾರದು ತೆರೀತೈತಿ?”

“ಕಡೀಗೆ ಯಾರು ಒಳಗ ಬಂದಿದ್ರೋ ಅವರದು. ಹಂಗ ಬರದೀನಿ.”

“ಇನ್ನೊಬ್ಬರದು?”

“ಅದನ್ನ ಆಮ್ಯಾಲ ನೋಡೋಣು. ಮನ್ಯಾಗಿನ ಮಂದೀಗೆ ಏನ ಮುಚ್ಚುಮರಿ? ನಿನಗ್ಯಾಕ ಆ ಉಸಾಬರಿ?” ಸಿಡುಕಿದೆ.

೧೧ ಫೆಬ್ರವರಿ, ಬುಧವಾರ

ಬಂತು! ಬಂತು ಬಂತು ಬಂತು. ನನ್ನ ಸ್ವಂತ ಮೇಲ್‌ನಿಂದ ಒತ್ತಿದೆ — ಹೋಯಿತು, ಕೇಳಿತು, ಹೂಂ ಅಂದೆ, ಒಳಗೆ ಬಿಟ್ಟಿತು. ಇಡೀ ಜಿಲ್ಲೆಯಲ್ಲಿ ಯಾರಾದರೂ ಮಾಡಿದ್ದಾರೋ ಇಲ್ಲವೋ. ನನಗೂ ಗೀತಾಗೂ ತಿನ್ನಲು ಗಿರ್ಮಿಟ್ ತರಿಸಿದೆ.

ಇನ್ನೊಂದು ಕೆಲಸ ಮಾಡಿದ್ದೇನೆ. ಹಿರಿಯರಿಗೆ ಎಲ್ಲಿ ಒತ್ತಬೇಕು ತಿಳಿಯುವುದಿಲ್ಲ. ಅದಕ್ಕೇ ಒಳಗೆ ಬಂದ ಕೂಡಲೇ ಹೊಸ ಸಂದೇಶ ತಾನೇ ತೆರೆದುಕೊಳ್ಳಬೇಕು, ದೊಡ್ಡ ಅಕ್ಷರದಲ್ಲಿ, ಕನ್ನಡಕ ಇಲ್ಲದವರೂ ಓದುವ ಹಾಗೆ. ಪಾಲಾಕ್ಷಪ್ಪನವರಿಗೆ ಭಾರಿ ಖುಷಿ. ಸೋಮವಾರ ಪೂಜೆ ಮಾಡಿ ಶುರು ಮಾಡೋಣ, ನಾನೇ ಬಟನ್ ಒತ್ತುತ್ತೇನೆ ಅಂದಿದ್ದಾರೆ.

೧೬ ಫೆಬ್ರವರಿ, ಸೋಮವಾರ, ಸಂಜೆ

ಏನಂತ ಬರೆಯಲಿ.

ಮಾನಿಟರಿಗೆ ವಿಭೂತಿ ಹಚ್ಚಿ ಹೂ ಇಟ್ಟಿದ್ದೆವು. ಕಾಯಿ ಒಡೆದದ್ದೂ ಆಯಿತು. ಕಮಿಟಿಯವರೆಲ್ಲ ಬೆಂಚಿನ ಮೇಲೆ. ಗೀತಾ ಎಲ್ಲರಿಗೂ ಚಹಾ ತರಲು ಕ್ಯಾಂಟೀನಿಗೆ ಹೋದಳು. ಆ ಹೊತ್ತಿಗೇ ಪಾಲಾಕ್ಷಪ್ಪನವರಿಗೆ ದೊಡ್ಡತನ ಬಂತು. “ಮಾಡಿದಾಂವ ನಿಮ್ಮ ಮಗ. ನಿಮ್ಮ ಕೈಲೇ ಆಗ್ಲಿ, ಬರ್ರಿ ಗುರುಸಂಗಪ್ಪಾರ,” ಎಂದು ಅಪ್ಪನ ಕೈ ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದರು. ನಾನೂ ಕುಣಿಯುತ್ತ ನಮ್ಮ ಮನೆ ಐಡಿ ಹಾಕಿದೆ. ಅದರ ಜಿಮೇಲ್ ಪಾಸ್‌ವರ್ಡ್ ನನಗೆ ಬಾಯಿಪಾಠ. ಅಪ್ಪ ಬಟನ್ ಒತ್ತಿದರು. ಚಪ್ಪಾಳೆ.

ಅಪ್ಪ ಏನನ್ನೇ ಆಗಲಿ ಗಟ್ಟಿಯಾಗಿ ಓದುವವರು. ಬಸ್ಸಿನ ಬೋರ್ಡು, ಸೋಪಿನ ಕಾಗದ, ಪೇಪರ್, ಎಲ್ಲ. ಅಂಗಡಿಯಲ್ಲಿ ಕೂತು ಕೂತು ಬಂದ ರೂಢಿ. ಸ್ಕ್ರೀನಿನ ಮೇಲೆ ದೊಡ್ಡ ಅಕ್ಷರ ಬಂದವು. ಓದಿದರು.

“ಗೀತಾಂಜಲಿಯವರಿಗೆ ನಮಸ್ಕಾರ. ಬರುವ ಅಮಾವಾಸ್ಯೆಗೆ ಕೊಟ್ಟೂರಿಗೆ ಬರುತ್ತೀರಲ್ಲ? ಹೋದ ಸಲ ನಿಂತ ಜಾಗದಲ್ಲೇ ನಿಂತಿರುತ್ತೇನೆ. ಹೂಂ ಅನ್ನಿ ಸಾಕು, ನಿಮ್ಮ ತಂದೆಯವರನ್ನು ಕಂಡು ನಾನೇ ಕೇಳುತ್ತೇನೆ. ಕದ್ದು ಮಾತಾಡುವುದು ಇಬ್ಬರಿಗೂ ಚಂದವಲ್ಲ. ಇತಿ, ಬಸವೇಶ್, ಹಲವಾಗಲು.”

ಮಗಳ ಹೆಸರನ್ನು ಪೇಪರ್ ಓದುವ ದನಿಯಲ್ಲೇ ಓದಿದರು. ‘ನಿಮ್ಮ ತಂದೆಯವರನ್ನು’ ಅನ್ನುವಲ್ಲಿ ದನಿ ಇಳಿಯಿತು. ಆದರೂ ನಿಲ್ಲಲಿಲ್ಲ, ಕೊನೆಯ ತನಕ ಓದಿಬಿಟ್ಟರು. ನಾನು ಮೌಸ್ ಕಸಿದುಕೊಳ್ಳಬಹುದಿತ್ತು. ಕಸಿಯಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಗೀತಾ, ಕೈಯಲ್ಲಿ ಚಹಾದ ಕೆಟ್ಲಿ.

“ಲೈನ್ ಏನೋ ಅದಲಿ ಬದಲಿ ಆಗೇತಿ ಬಿಡ್ರಿ,” ಎಂದರು ಪಾಲಾಕ್ಷಪ್ಪನವರು, ಮಾತು ಮುಚ್ಚಿಹಾಕಲು. ಬೆಂಚಿನಿಂದ ಯಾರೋ ಕಿಸಕ್ಕೆಂದರು. “ಗುರುಸಂಗಪ್ಪಾರ ಮನ್ಯಾಗ ಲಗ್ನ ಐತಿ ಅಂದಂಗಾತು.” ಅಪ್ಪ ಎದ್ದರು, ಚಪ್ಪಲಿ ಮೆಟ್ಟಿದರು, ಗೀತಾಳ ಪಕ್ಕದಲ್ಲೇ ಹಾದು ಹೊರಟುಹೋದರು. ಅವಳ ಕಡೆ ನೋಡಲಿಲ್ಲ. ಅವಳು ಒಳಗೆ ಬಂದು ಒಬ್ಬೊಬ್ಬರಿಗೂ ಚಹಾ ಹಾಕಿ ಕೊಟ್ಟಳು. ಕುಡಿದರು ಎಲ್ಲರೂ, ನಾಚಿಕೆಗೆಟ್ಟವರು.

ಅವತ್ತು ಕತ್ತಲಲ್ಲಿ ಅವಳು ಕೇಳಿದ್ದು ಯಾಕೆ ಅಂತ ಈಗ ಗೊತ್ತಾಗುತ್ತಿದೆ. ಕಡೆಗೆ ಆ ಐಡಿಯಲ್ಲಿ ಒಳಗೆ ಬಂದಿದ್ದವಳು ಅವಳೇ. ಥೂ ನನ್ನ.

೧೭ ಫೆಬ್ರವರಿ, ಮಂಗಳವಾರ

ಗೀತಾ ಅವ್ವನ ಮುಂದೆ ಎಲ್ಲ ಹೇಳಿದಳಂತೆ. ಅವ್ವ ನನಗೆ ಹೇಳಿದಳು. ಬಸವೇಶ್ ಹಲವಾಗಲಿನಲ್ಲಿ ಹೈಸ್ಕೂಲ್ ಮಾಸ್ತರ್. ಹೆಂಡತಿ ತೀರಿಕೊಂಡಿದ್ದಾಳೆ. ನಮ್ಮ ಸೈಟಿನಲ್ಲೇ ಪರಿಚಯ. ಅವಳು ತನ್ನ ವಿವರವನ್ನು ಮನೆ ಐಡಿಯ ಮೇಲೆ ತಾನೇ ಹಾಕಿ, ತಾನೇ ಚೆಕ್ ಮಾಡಿ ಸೇರಿಸಿದ್ದಳು. ಕಮಿಟಿಯ ಕಾನೂನನ್ನು ಅವಳೂ ಮೀರಲಿಲ್ಲ ನೋಡು. ಕಂಡದ್ದು ಒಂದೇ ಸಲ, ಕೊಟ್ಟೂರಿನ ಗುಡಿಯಲ್ಲಿ, ಅಮಾವಾಸ್ಯೆಯ ಗದ್ದಲದಲ್ಲಿ. ಅಪ್ಪನನ್ನು ಕೇಳುತ್ತೇನೆ ಅಂತ ಅವರು, ಇನ್ನೂ ಸ್ವಲ್ಪ ದಿನ ತಡೆಯಿರಿ ಅಂತ ಇವಳು. ಅಣ್ಣನದು ಮೊದಲು ಆಗಲಿ ಅಂತ. ನನ್ನದು!

ಅಪ್ಪ ಬೆಳಿಗ್ಗೆ ಸೆಂಟರಿಗೆ ಬಂದರು. ಕೂರಲಿಲ್ಲ.

“ಅಕೀದು ತಗದ ಹಾಕು.”

“ಅಪ್ಪಾ, ಒಂದ ಮಾತು—”

“ತಗೀತೀಯೋ ಇಲ್ಲೋ?”

ತೆಗೆದೆ. ಅವರ ಕಣ್ಣೆದುರೇ. ಖಾತೆ, ಸಂದೇಶಗಳು, ಎಲ್ಲ. ‘ಖಚಿತವೇ?’ ಅಂತ ಕೇಳಿತು, ನಾನೇ ಬರೆದ ಪ್ರಶ್ನೆ. ಹೌದು ಒತ್ತಿದೆ. ನನಗೆ ಮೂವತ್ತನಾಲ್ಕು ವಯಸ್ಸು. ಅಪ್ಪನೆದುರು ಇನ್ನೂ ಚಡ್ಡಿ ಹಾಕಿದ ಹುಡುಗನೇ.

೨೧ ಫೆಬ್ರವರಿ, ಶನಿವಾರ

ಕೋಡ್ ಸರಿ ಮಾಡಿದೆ. ಈಗ ಒಂದು ಐಡಿಗೆ ಇಬ್ಬರಿದ್ದರೆ ‘ನೀವು ಯಾರು?’ ಅಂತ ಮೊದಲು ಕೇಳುತ್ತದೆ, ಬೇರೆ ಗುರುತೂ ಕೇಳುತ್ತದೆ. ಎಷ್ಟು ಸಣ್ಣ ಕೆಲಸ! ಊಟದ ಹೊತ್ತಿಗೆ ಮುಗಿಯಿತು. ಆಗಲೇ ಮಾಡಿದ್ದರೆ… ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರೆ. ಬಾಗಿಲು ತೆರೆದಿಟ್ಟವನೂ ನಾನೇ.

ಗೀತಾ ಸೆಂಟರಿಗೆ ಬರುತ್ತಿಲ್ಲ. ಅವಳ ಕೀಬೋರ್ಡಿನ ಮೇಲೆ ಧೂಳು ಕೂತಿದೆ. ಊರಲ್ಲಿ ಸುದ್ದಿ ಹಬ್ಬಿದೆ, ಕೊಟ್ಟೂರಿಗೂ ಹೋಗಿದೆ. ಸಂತೆಯಲ್ಲಿ ಅವ್ವನಿಗೆ ಯಾರೋ “ಮಾಸ್ತರ್ ಬೀಗರು ಯಾವಾಗ ಬರ್ತಾರ?” ಅಂದರಂತೆ. ಅವ್ವ ಮೆಣಸಿನಕಾಯಿ ಕೊಳ್ಳದೆ ವಾಪಸ್ ಬಂದಳು.

ಅಪ್ಪ ಯಾರ ಮೇಲೂ ಕೂಗಾಡುತ್ತಿಲ್ಲ. ಪೇಪರ್ ಮನಸ್ಸಿನಲ್ಲೇ ಓದುತ್ತಾರೆ. ಮನೆ ಬಿಕೋ ಅನ್ನುತ್ತದೆ.

೨೫ ಫೆಬ್ರವರಿ, ಬುಧವಾರ, ಅಮಾವಾಸ್ಯೆ

ಬೆಳಿಗ್ಗೆಯಿಂದ ಕೊಟ್ಟೂರಿನ ಬಸ್ಸುಗಳೆಲ್ಲ ತುಂಬಿ ಹೋದವು. ಗೀತಾ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಬಡಿಯುತ್ತಲೇ ಇದ್ದಳು. ಅಷ್ಟು ರೊಟ್ಟಿ ತಿನ್ನುವವರು ಯಾರು? ಪಕ್ಕದಲ್ಲಿ ಕೂತೆ.

“ತಪ್ಪಾತು ಗೀತಾ.”

“ನಿನಗೇನ ಗೊತ್ತಿತ್ತಣ್ಣ. ಹೇಳದ ಮುಚ್ಚಿಟ್ಟಾಕಿ ನಾನು.”

ಇದಕ್ಕಿಂತ ಎರಡು ಬಾರಿಸಿದ್ದರೆ ಚೆನ್ನಾಗಿತ್ತು. ಮತ್ತೊಂದು ಹಿಟ್ಟಿನ ಉಂಡೆ ತೆಗೆದುಕೊಂಡು ತಾನೇ ಕೇಳಿದಳು. “ಈಗ ಅವರು ಬರದರ ಏನ ಬರ್ತೈತಿ?”

“ಈ ಸದಸ್ಯರು ಇಲ್ಲ ಅಂತ ಬರ್ತೈತಿ.”

“ಅಷ್ಟನಾ?”

“ಅಷ್ಟ.”

ರೊಟ್ಟಿ ಹಂಚಿನ ಮೇಲೆ ಸೀಯಿತು. ತೆಗೆಯಲಿಲ್ಲ. “ಇವತ್ತ ಅಲ್ಲಿ ನಿಂತಿರ್ತಾರ. ನಾ ಬರೂದಿಲ್ಲ, ಹೆಸರೂ ತಗದಾಳ, ಒಲ್ಲೆ ಅಂದ್ಲು ಅಂತ ತಿಳ್ಕೊತಾರ. ಅಣ್ಣ, ಒಂದ ಸಲ ಹೋಗಿ ಬರ್ತೀಯಾ ಹಲವಾಗಲಿಗೆ? ಬರ್ರಿ ಅಂತ ಹೇಳಬ್ಯಾಡ. ಏನಾತು ಅಂತ ಅಷ್ಟ ತಿಳಿಸು. ನಾ ಒಲ್ಲೆ ಅಂದಿಲ್ಲ ಅಂತ.”

ಅವಳಿಗೆ ಮೊಬೈಲಿಲ್ಲ. ಅವರ ನಂಬರೂ ಗೊತ್ತಿಲ್ಲ. ಇದ್ದದ್ದು ಸೈಟಿನ ಆ ಖಾತೆಯೊಂದೇ, ಅದನ್ನೂ ನಾನೇ ಅಳಿಸಿದ್ದೇನೆ. ಸೈಟಿನಿಂದ ನಾನೇ ಬರೆಯೋಣ ಅಂದರೆ, ಅಲ್ಲಿಯೂ ಯಾರ ಕಣ್ಣಿಗೆ ಬೀಳುತ್ತದೋ ಅನ್ನುವ ಭಯ. ಕೊಟ್ಟೂರಿನ ಗದ್ದಲದಲ್ಲಿ ಎಂದೂ ಕಾಣದವರನ್ನು ಎಲ್ಲಿ ಹುಡುಕಲಿ, ಹಲವಾಗಲಿಗೇ ಹೋಗುತ್ತೇನೆ ಅಂದೆ. ಸೋಮವಾರ ಹೋಗುತ್ತೇನೆ.

೩ ಮಾರ್ಚ್, ಮಂಗಳವಾರ

ನಿನ್ನೆ ಹೋಗಲಿಲ್ಲ. ಪರೀಕ್ಷೆ ಹತ್ತಿರ, ಮಾದರಿ ಪ್ರಶ್ನೆಪತ್ರಿಕೆ ಪ್ರಿಂಟಿಗೆ ಸೆಂಟರ್ ತುಂಬ ಜನ. ನಿಜ ಹೇಳಬೇಕೆಂದರೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿದ್ದೆ. ಹರಪನಹಳ್ಳಿ ಬಸ್ಸು ನಿಂತಿತ್ತು. ಅದರ ಪಕ್ಕ ಪಾಲಾಕ್ಷಪ್ಪನವರು ಎಲೆ ಅಡಿಕೆ ಹಾಕುತ್ತ ನಿಂತಿದ್ದರು. “ಎಲ್ಲಿಗೆ ಹೊಂಟಿ ಶಾಂತಾ?” “ಎಲ್ಲಿಗೂ ಇಲ್ರಿ.” ವಾಪಸ್ ಬಂದೆ. ಅಪ್ಪನ ಕಿವಿಗೆ ಬಿದ್ದರೆ ಅನ್ನುವ ಭಯ.

ಗೀತಾ ಏನೂ ಕೇಳಲಿಲ್ಲ. ಮುಖ ನೋಡಿದಳು, ಗೊತ್ತಾಯಿತು ಅವಳಿಗೆ.

೧೨ ಮಾರ್ಚ್, ಗುರುವಾರ

ಸೈಟಿನಲ್ಲಿ ಯಾರು ಯಾವಾಗ ಒಳಗೆ ಬಂದರು ಅಂತ ನನಗೆ ಕಾಣುತ್ತದೆ. ಬಸವೇಶ್ ಅಮಾವಾಸ್ಯೆಯ ಮರುದಿನ ಬಂದಿದ್ದಾರೆ. ಅದರ ಮರುದಿನವೂ. ಆ ವಾರವೆಲ್ಲ ದಿನಾ ಬಂದಿದ್ದಾರೆ, ಶಾಲೆ ಬಿಡುವ ಹೊತ್ತಿಗೆ. ಪ್ರತಿ ಸಲವೂ ಇಲ್ಲದ ಖಾತೆಗೆ ಬರೆಯಲು ನೋಡಿದ್ದಾರೆ. ಆಮೇಲೆ ಬಂದಿಲ್ಲ.

ನಾನು ಮನುಷ್ಯನೋ ಏನು? ಹಲವಾಗಲು ಏನು ಸಮುದ್ರದಾಚೆ ಇದೆಯಾ?

೨೧ ಮಾರ್ಚ್, ಶನಿವಾರ, ಮಧ್ಯಾಹ್ನ, ಹರಪನಹಳ್ಳಿ ಬಸ್‌ಸ್ಟ್ಯಾಂಡ್

ಹೋದೆ. ಕಡೆಗೂ.

ಶನಿವಾರದ ಶಾಲೆ, ಬೇಗ ಬಿಟ್ಟಿತ್ತು. ಮಾಸ್ತರ್ ಒಬ್ಬರೇ ಆಫೀಸಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ತೆಳ್ಳಗಿನ ಮನುಷ್ಯ, ತಲೆ ಅಲ್ಲಲ್ಲಿ ನರೆತಿದೆ. ಗುರುಶಾಂತ, ಗೀತಾಂಜಲಿಯ ಅಣ್ಣ ಅಂದೆ. ಗಡಬಡಿಸಿ ಎದ್ದರು. ಪೆನ್ನು ಉರುಳಿ ಕೆಳಗೆ ಬಿತ್ತು.

“ಬರ್ರಿ ಸಾರ್, ಕುತ್ಕಳ್ರಿ. ಹೆಂಗದಾರ ಅವರು?”

ಎಲ್ಲ ಹೇಳಿದೆ. ಮನೆ ಐಡಿ, ಬಟನ್ನು, ಅಪ್ಪ ಓದಿದ್ದು, ನಾನು ಅಳಿಸಿದ್ದು. ಅವಳು ಒಲ್ಲೆ ಅಂದಿಲ್ಲ ಅಂತಲೂ ಹೇಳಿದೆ. ಕೇಳುತ್ತ ಕೇಳುತ್ತ ಅವರು ಕೆಂಪು ಪೆನ್ನಿನ ಕ್ಯಾಪ್ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು.

“ಸಂಜಿ ಮಟ ನಿಂತಿದ್ದೆ ಸಾರ್ ಕೊಟ್ಟೂರಾಗೆ. ಬರ್ಲಿಲ್ಲ. ಮರುದಿನ ಸೈಟ್ ನೋಡಿದ್ರೆ ಹೆಸರೇ ಇಲ್ಲ. ನನ್ನಿಂದ ಏನೋ ತಪ್ಪಾಗೈತಿ, ಬ್ಯಾಡ ಅಂದ್ರೇನೋ ಅನ್ಕಂಡೆ. ಬಲವಂತ ಮಾಡಾಕಾಗ್ತೈತಾ? ನಮ್ಮವ್ವಗೆ ಹುಷಾರಿಲ್ಲ. ಕೂಡ್ಲಿಗಿ ಕಡೀದು ಒಂದು ಸಂಬಂಧ ಇಟ್ಕಂಡು ಬಾಳ ದಿನದಿಂದ ಜಗ್ತಿದ್ಲು. ಹೂಂ ಅಂದ್ಬಿಟ್ಟೆ. ಹೋದ ಭಾನುವಾರ ನಿಶ್ಚಿತಾರ್ಥ ಆತು.”

ಹೋದ ಭಾನುವಾರ. ಅದರ ಹಿಂದಿನ ಸೋಮವಾರವೂ ನಾನು ಹೋಗುತ್ತೇನೆ ಅಂತಿದ್ದೆ.

“ಮುರಿಯಾಕೆ…?” ಎಂದೆ. ಬಾಯಿಗೆ ಬಂದೇಬಿಟ್ಟಿತು.

“ಆ ಹುಡುಗೀದು ಏನು ತಪ್ಪು ಸಾರ್?”

ನಾನು ಎದ್ದೆ. ಗೇಟಿನ ತನಕ ಬಂದರು. “ನಾನು ಕಾಯ್ಬೇಕಾಗಿತ್ತು ಅಂತ ಹೇಳ್ರಿ ಅವರಿಗೆ,” ಅಂದರು. ಆಮೇಲೆ, “ಬ್ಯಾಡ, ಏನೂ ಹೇಳಬ್ಯಾಡ್ರಿ,” ಅಂದರು.

ಎರಡು ಬಸ್ಸು ಬಿಟ್ಟೆ. ಹತ್ತಲು ಮನಸ್ಸಿಲ್ಲ.

ಅದೇ ದಿನ, ಸಂಜೆ

ಗೀತಾ ಬಾಗಿಲಲ್ಲೇ ಇದ್ದಳು. ನಾನು ಎಲ್ಲಿಗೆ ಹೋಗಿದ್ದೆ ಅಂತ ಯಾರೂ ಹೇಳದೆ ಗೊತ್ತಾಗಿತ್ತು ಅವಳಿಗೆ. ಕಾಲಿಗೆ ನೀರು ಕೊಟ್ಟಳು. “ಸಿಕ್ಕಿದ್ರಾ?”

“ಇಲ್ಲ. ಶಾಲಿ ಬಿಟ್ಟಿತ್ತು.”

ಯಾಕೆ ಹಾಗಂದೆನೋ. ‘ಸಿಕ್ಕರು’ ಅನ್ನಲು ಬಾಯಿ ತೆರೆದವನೇ ‘ಇಲ್ಲ’ ಅಂದೆ.

“ಹೋಗ್ಲಿ ಬಿಡು. ಹೋಗಿದ್ಯಲ್ಲ, ಅಷ್ಟ ಸಾಕು,” ಅಂದಳು. ಊಟಕ್ಕೆ ಕೂತಾಗ ತುಪ್ಪ ಜಾಸ್ತಿ ಹಾಕಿದಳು.

೨೪ ಮಾರ್ಚ್, ಮಂಗಳವಾರ

ಇವತ್ತು ಹೇಳಬೇಕು ಅಂತ ಎದ್ದೆ. ಅವಳು ಸೆಂಟರಿಗೆ ಬಂದಳು, ತಿಂಗಳ ಮೇಲೆ. ತಾನೇ ಧೂಳು ಒರೆಸಿದಳು. ಕಸ್ಟಮರ್ ಒಬ್ಬ ಅವಳನ್ನು ನೋಡಿ ಪಕ್ಕದವನಿಗೆ ಏನೋ ಪಿಸುಗುಟ್ಟಿದ. ಅವಳು ಅವನತ್ತ ತಿರುಗಿ, “ಪ್ರಿಂಟ್ ಏನರೆ ಬೇಕಾಗಿತ್ತೇನ್ರಿ?” ಅಂದಳು. ಅವನು ತಲೆ ತಗ್ಗಿಸಿದ.

ಅಷ್ಟು ದಿನದ ಮೇಲೆ ಧೈರ್ಯ ಮಾಡಿ ಬಂದವಳಿಗೆ ಇವತ್ತೇ ಹೇಗೆ ಹೇಳುವುದು? ಹಬ್ಬ ಮುಗಿಯಲಿ.

೨೭ ಮಾರ್ಚ್, ಶುಕ್ರವಾರ, ಯುಗಾದಿ, ಬೆಳಿಗ್ಗೆ ೧೦

ಬೇವಿನ ಪಾನಕ ಕುಡಿದದ್ದೇ ಅಪ್ಪ ನನ್ನನ್ನು ಕಟ್ಟೆಗೆ ಕರೆದರು. ಹೊಸ ಪಂಚೆ ಉಟ್ಟಿದ್ದರು.

“ಶಾಂತಾ, ಒಂದ ಕಾರ್ ಹೇಳು. ಹಲವಾಗಲಿಗೆ ಹೋಗಿ ಬರೋಣು.”

ಅಪ್ಪ ಕೆಳಗೆ ನೋಡುತ್ತ ಮಾತಾಡಿದರು. “ನಾಕ ಮಂದಿ ಮುಂದ ನನ್ನ ಮಾರಿ ಹೋತು ಅಂತ ಸಿಟ್ಟಾದೆ. ನನ್ನ ಮಾರಿದ ಚಿಂತಿ ನನಗ. ಕೂಸಿನ ಮಾರಿ ನೋಡ್ಲಿಲ್ಲ. ಆ ಮಾಸ್ತರ ಏನ ಕೆಟ್ಟದ್ದು ಬರದಿದ್ದ? ತಂದೀನ ಕಂಡು ಕೇಳ್ತೀನಿ ಅಂದಿದ್ದ. ಮರ್ಯಾದಸ್ಥ. ಆಂವ ಬರೂದು ಬ್ಯಾಡ, ನಾವ ಹೋಗೋಣು. ಹೆಣ್ಣಿನ ಕಡೆಯವರು ಮೊದಲು ಹೋಗಬಾರದು ಅಂತ ಎಲ್ಲೆರೆ ಬರದೈತೇನು? ಹೊಸ ವರ್ಷ, ಚಲೋ ದಿನ.”

ಈಗ ಹೇಳಬೇಕಿತ್ತು. ಅಪ್ಪ ನನ್ನ ಭುಜ ತಟ್ಟಿ ಎದ್ದುಬಿಟ್ಟರು. ತಾವೇ ಓಣಿಯ ತುದಿಗೆ ಹೋಗಿ ಕಾರು ಹೇಳಿ ಬಂದರು. ಬರುವಾಗ ಹಣ್ಣು ತಂದಿದ್ದಾರೆ, ಹೂ ತಂದಿದ್ದಾರೆ. ಅವ್ವ ಅಳುತ್ತ ನಗುತ್ತ ತಟ್ಟೆಗೆ ಜೋಡಿಸುತ್ತಿದ್ದಾಳೆ.

ಗೀತಾ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. ತಲೆ ಎರೆದುಕೊಂಡ ಕೂದಲು ಇನ್ನೂ ಹಸಿ. ನನ್ನ ತೋಳು ಹಿಡಿದು ಹೇಳಿದಳು, “ಇವತ್ತ ಹಬ್ಬ ಅಣ್ಣ, ಮನ್ಯಾಗ ಇರ್ತಾರ. ಇವತ್ತ ಸಿಕ್ಕೇ ಸಿಗ್ತಾರ.” ಇಷ್ಟು ವರ್ಷದಲ್ಲಿ ಆ ಮುಖ ಅಷ್ಟು ತಿಳಿಯಾಗಿದ್ದನ್ನು ನಾನು ಕಂಡಿಲ್ಲ.

ಅಂಗಿ ಬದಲಿಸುವ ನೆಪ ಮಾಡಿ ರೂಮಿಗೆ ಬಂದು ಚಿಲಕ ಹಾಕಿದ್ದೇನೆ. ಹೊರಗೆ ಕಾರಿನ ಹಾರ್ನ್. ಅಪ್ಪ ಕೂಗುತ್ತಿದ್ದಾರೆ. ಗೀತಾ ಬಾಗಿಲು ಬಡಿಯುತ್ತಿದ್ದಾಳೆ, “ಲಗೂ ಬಾ ಅಣ್ಣ, ಅಪ್ಪ ಆಗಲೇ ಕುಂತಾನ!”

ತೆಗೆದು ಹೇಳಿಬಿಡುತ್ತೇನೆ. ಮೊದಲು ಅವಳಿಗೆ. ಇಲ್ಲ, ಮೊದಲು ಅಪ್ಪನಿಗೆ, ಆಮೇಲೆ